ಗೇರೆಣ್ಣೆ ಹಚ್ಚಿದ ಹಡಗುಗಳು

ಚಮಚದ ಹಿಡಿಯಿಂದ ಮೀಟಿದರೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳ 'ಟಪ್' ಎನ್ನುತ್ತಿತ್ತು. ಸದ್ದು ಗಟ್ಟಿಯಾಗಿ ಬಂದರೆ ಒಳಗೆ ಗಾಳಿ ಹೋಗಿಲ್ಲ, ನಮ್ಮ ಹಡಗುಗಳು ಸೇಫ್. ಮಂಕಾಗಿ ಬಂದರೆ ಅಂದು ಊಟ ರುಚಿಸುತ್ತಿರಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ನನಗೆ ಹನ್ನೊಂದು ವರ್ಷ. ಹೊನ್ನಾವರದಲ್ಲಿ ಸಿಸ್ಟರುಗಳ ಶಾಲೆಯಲ್ಲಿ ಓದುತ್ತಿದ್ದೆ. ನನ್ನ ಬೆಂಚಿನ ಗೆಳತಿಗೆ ಅವಳ ಮಾವ ಬೊಂಬಾಯಿಯಿಂದ ಚೂಯಿಂಗ್ ಗಮ್ ಕಳಿಸುತ್ತಿದ್ದ. ಪ್ರತಿ ಪ್ಯಾಕೆಟ್ಟಿನಲ್ಲೂ ಒಂದು ಹಡಗಿನ ಚಿತ್ರದ ಕಾರ್ಡು. ಅಪ್ಪ ಭಟ್ಕಳದ ಪೇಟೆಗೆ ಹೋದಾಗ ಅದೇ ಗಮ್ಮು ಹುಡುಕಿ ನನಗೂ ತರುತ್ತಿದ್ದ. ಹೀಗೆ ಅವಳ ಇಪ್ಪತ್ತು, ನನ್ನ ಇಪ್ಪತ್ತು ಸೇರಿ ನಲವತ್ತರ ಸೆಟ್ಟು ಪೂರ್ತಿಯಾಯಿತು. ಬೇರೆ ಬೇರೆ ಇಟ್ಟರೆ ಎರಡೂ ಅರೆಬರೆ.

ಕಾರ್ಡು ಹಿಡಿಯುವುದನ್ನು ಕಲಿಸಿದ್ದು ನಮ್ಮ ಸಿಸ್ಟರ್. ಪ್ರಾರ್ಥನೆ ಪುಸ್ತಕದೊಳಗಿನ ಸಂತರ ಚಿತ್ರಗಳನ್ನು ನೋಡಲು ಕೊಡುವಾಗ "ಎಡ್ಜಸ್, ಗರ್ಲ್ಸ್, ಓನ್ಲಿ ದ ಎಡ್ಜಸ್" ಎನ್ನುತ್ತಿದ್ದರು. ಹಡಗುಗಳಿಗೂ ನಾವು ಅದೇ ಕಾನೂನು ಮಾಡಿಕೊಂಡೆವು. ಕೈ ತೊಳೆದು, ಲಂಗಕ್ಕಲ್ಲ, ಒಣ ಟವೆಲಿಗೆ ಒರೆಸಬೇಕು. ಅಂಚು ಮಾತ್ರ ಹಿಡಿಯಬೇಕು. ಎರಡು ಕಾರ್ಡುಗಳ ನಡುವೆ ಬಟರ್ ಪೇಪರ್. ದಾರ ಕಟ್ಟುವಂತಿಲ್ಲ. ಗಂಜಿಯಿಂದ ಪುಸ್ತಕಕ್ಕೆ ಅಂಟಿಸುವಂತಿಲ್ಲ, ಗಂಜಿ ಅಂದರೆ ಜಿರಲೆಗೆ ಹಬ್ಬ. ಡಬ್ಬಿಯ ತಳದಲ್ಲಿ ಹುರಿದ ಅಕ್ಕಿಯ ಪುಟ್ಟ ಗಂಟು, ವಾರಕ್ಕೊಮ್ಮೆ ಅಕ್ಕಿ ಬದಲು.

ಮಳೆಗಾಲಕ್ಕೆ ಮುಂಚೆ ಅವಳ ಅಪ್ಪನಿಗೆ ಭಟ್ಕಳಕ್ಕೆ ಟ್ರಾನ್ಸ್‌ಫರ್ ಆಯಿತು. ಅಲ್ಲಿಯ ಬಾಡಿಗೆ ಮನೆ ಸೋರುತ್ತದಂತೆ. "ಚೌತಿಗೆ ಬಂದು ನನ್ನ ಇಪ್ಪತ್ತು ತಕಂಡು ಹೋಗ್ತೆ. ಅಲ್ಲಿವರೆಗೆ ನಿನ್ನ ಡಬ್ಬಿಯಲ್ಲೇ ಇರ್ಲಿ. ಪ್ರಾಮಿಸ್?" ಎಂದಳು. ನಾನು ಪ್ರಾಮಿಸ್ ಮಾಡಿದೆ.

ಆ ವರ್ಷದ ಮಳೆಯಲ್ಲಿ ಗೋಡೆಗೆ ಕೈಯಿಟ್ಟರೆ ಕೈ ಒದ್ದೆಯಾಗುತ್ತಿತ್ತು. ಜುಲೈನಲ್ಲಿ ಒಂದು ಸಂಜೆ ಮುಚ್ಚಳ ಮಂಕಾಗಿ ತೆರೆಯಿತು. ಅವಳ ಮೂರು ಹಡಗುಗಳ ಮೇಲೆ ಬಿಳಿ ಬೂಸ್ಟು. ಹತ್ತಿಯಿಂದ ಒರೆಸುತ್ತ ಕೂತಿದ್ದೆ. ಚಿಕ್ಕಪ್ಪ ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ. ಅವನು ಹೊಳೆದಂಡೆಯ ಚಪ್ಪರದಲ್ಲಿ ದೋಣಿ ರಿಪೇರಿ ಮಾಡುವವನು.

"ನಿನ್ನ ದೋಣಿಗೆ ಬೂಸ್ಟು ಹತ್ತುದಿಲ್ಲ, ಇದಕ್ಕೇ ಯಾಕೆ ಹತ್ತುದು?" ಎಂದು ಕೇಳಿದೆ.

"ಎಂತ ಮಗಾ, ಹಡಗು ಹೇಳ್ತೆ ನೀನು, ನೀರಿಗೆ ಹೆದರ್ತದೆ," ಎಂದು ನಕ್ಕ.

ಅಷ್ಟೇ ಮಾತು. ಮರುದಿನ ಅಜ್ಜಿಗೆ ಜ್ವರವೆಂದು ಅಮ್ಮ ನನ್ನನ್ನು ಕರೆದುಕೊಂಡು ಕುಮಟೆಗೆ ಹೋದಳು. ನಾಲ್ಕು ದಿನ ಬಿಟ್ಟು ಬಂದರೆ ಜಗುಲಿಯಲ್ಲೇ ಗೇರೆಣ್ಣೆಯ ವಾಸನೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಕರಿ ಎಣ್ಣೆ, ನಮ್ಮ ಕಡೆ ದೋಣಿಯ ಹಲಗೆಗೆ ಹಚ್ಚುವುದು. ಚಾಪೆಯ ಮೇಲೆ ನಲವತ್ತು ಕಾರ್ಡುಗಳು ಸಾಲಾಗಿ ಒಣಗುತ್ತಿದ್ದವು. ಎರಡೂ ಬದಿಗೆ ಎಣ್ಣೆ. ಹಡಗು ಯಾವುದು, ಆಕಾಶ ಯಾವುದು, ಗೊತ್ತಾಗುತ್ತಿರಲಿಲ್ಲ.

"ನೋಡು ಮಗಾ," ಎಂದ ಚಿಕ್ಕಪ್ಪ. "ಇನ್ನು ಹೊಳಿಗೆ ಹಾಕಿರೂ ಎಂತ ಆಗುದಿಲ್ಲ. ಎರಡು ಕೋಟು ಹಚ್ಚಿದ್ದೆ."

ನಾನು ಒಂದನ್ನು ಕೈಗೆತ್ತಿಕೊಂಡು ಅವನ ಮುಖಕ್ಕೆ ಎಸೆದೆ. ಅದು ಅವನ ಎದೆಗೆ ತಾಗಿ ಅಂಗಿಗೆ ಅಂಟಿಕೊಂಡಿತು. ಅವನು ಅದನ್ನು ಮೆಲ್ಲಗೆ ಬಿಡಿಸಿ, ಅಂಚು ಹಿಡಿದು, ಮತ್ತೆ ಚಾಪೆಯ ಮೇಲಿಟ್ಟ. ಅಂಚು ಹಿಡಿಯುವುದನ್ನು ನನ್ನನ್ನು ನೋಡಿಯೇ ಕಲಿತಿದ್ದ. ಅದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

"ಒಂದು ದಿನದ ಕೆಲಸ ಬಿಟ್ಟು ಕೂತು ಹಚ್ಚಿದ್ದ," ಎಂದಳು ಅಮ್ಮ. "ಕಾಗದದ ತುಂಡಿಗೆ ಹಿರಿಯರ ಮೈಮೇಲೆ ಹೋಗುದಾ? ಇದನ್ನೇ ಕಲಿಸಿದ್ರಾ ನಿನ್ನ ಸಿಸ್ಟರುಗಳು?"

ಆ ಎಣ್ಣೆ ಮುಟ್ಟಿದ್ದಕ್ಕೆ ಮರುದಿನ ನನ್ನ ಬೆರಳುಗಳಲ್ಲಿ ನೀರುಗುಳ್ಳೆಗಳು ಎದ್ದವು. ಚಿಕ್ಕಪ್ಪನ ಕೈ ದಪ್ಪ ಚರ್ಮದ್ದು, ಅವನಿಗೆ ಏನೂ ಆಗಿರಲಿಲ್ಲ. ಅವನು ತೆಂಗಿನೆಣ್ಣೆ ತಂದು ಮುಂದಿಟ್ಟ. ನಾನು ಮುಟ್ಟಲಿಲ್ಲ. ಚೌತಿಯವರೆಗೆ ಅವನೊಡನೆ ಮಾತೂ ಆಡಲಿಲ್ಲ. ಗೆಳತಿಯಿಂದ ಎರಡು ಕಾಗದ ಬಂದವು, ಅವಕ್ಕೂ ಉತ್ತರ ಬರೆಯಲಿಲ್ಲ. ಏನೆಂದು ಬರೆಯುವುದು?

ಚೌತಿಯ ಮರುದಿನ ಅವಳು ತನ್ನ ಅಪ್ಪನೊಡನೆ ಬಂದಳು. ಕೈ ತೊಳೆದು, ಒರೆಸಿಕೊಂಡು, ನನ್ನೆದುರು ಕೂತಳು. ನಾನು ಡಬ್ಬಿ ತೆರೆದೆ. ಅವಳು ಬಹಳ ಹೊತ್ತು ಒಳಗೆ ನೋಡಿದಳು, ಮುಟ್ಟಲಿಲ್ಲ.

"ಯಾರು ಮಾಡಿದ್ದು?"

"ಚಿಕ್ಕಪ್ಪ. ನಾನು ಊರಲ್ಲಿ ಇರ್ಲಿಲ್ಲ."

ಕುಮಟೆಗೆ ಹೊರಡುವ ಹಿಂದಿನ ಸಂಜೆ, ದೋಣಿಗೆ ಹತ್ತದ ಬೂಸ್ಟು ಇದಕ್ಕೇ ಯಾಕೆ ಎಂದು ನಾನೇ ಅವನನ್ನು ಕೇಳಿದ್ದೆ ಎಂಬುದನ್ನು ಹೇಳಲಿಲ್ಲ. ಚಿಕ್ಕಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವನೂ ಹೇಳಲಿಲ್ಲ.

"ನಿಮ್ಮ ಮನೆಯವ್ರಿಗೆ ದೋಣಿ ಬಿಟ್ರೆ ಎಂತ ಗೊತ್ತು?" ಎಂದಳು ಅವಳು, ಅವನಿಗೆ ಕೇಳುವಂತೆ. "ನಾನು ಇಲ್ಲಿ ಇಡ್ಲೇಬಾರದಿತ್ತು."

ಚಿಕ್ಕಪ್ಪ ಹೆಗಲ ಟವೆಲು ಸರಿಮಾಡಿಕೊಂಡು ಹಿತ್ತಲಿಗೆ ನಡೆದ. ಎರಡು ತಿಂಗಳಿಂದ ಅವನ ಮೇಲೆ ಕುದಿಯುತ್ತಿದ್ದ ಸಿಟ್ಟು ನನ್ನೊಳಗೆ ಒಮ್ಮೆಲೇ ದಿಕ್ಕು ಬದಲಿಸಿತು. ನನ್ನ ಚಿಕ್ಕಪ್ಪನನ್ನು ಬೈಯಲು ನಾನಿದ್ದೇನೆ, ನೀನ್ಯಾರು? ಯಾವುದು ಅವಳದೆಂದು ತಿಳಿಯುವಂತಿರಲಿಲ್ಲ, ಇಪ್ಪತ್ತು ಕಾರ್ಡು ಎಣಿಸಿ ಬಟರ್ ಪೇಪರಿನಲ್ಲಿ ಸುತ್ತಿ, ನೀಟಾಗಿ ಮಡಿಸಿ ಕೊಟ್ಟೆ. ಮಳೆಗಾಲದ ತೇವದಲ್ಲಿ ಎಣ್ಣೆ ಇನ್ನೂ ಪೂರ್ತಿ ಒಣಗಿರಲಿಲ್ಲ.

ಈಗ ಮೊಮ್ಮಗಳು ತನ್ನ ಕಾರ್ಡುಗಳನ್ನು ಒಂದೊಂದೂ ಪ್ಲಾಸ್ಟಿಕ್ ಕವರಿಗೆ ಹಾಕಿ ಇಡುತ್ತಾಳೆ. "ಅಜ್ಜಿ, ಡೋಂಟ್ ಟಚ್" ಎನ್ನುತ್ತಾಳೆ. ಆಗ ಮೈಯೆಲ್ಲ ಉರಿಯುತ್ತದೆ, ಅವಳ ಮೇಲಲ್ಲ.

ಆ ಕಾಲದಲ್ಲಿ ಶರಾವತಿ ಹೊಳೆಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಗೆ ಹೋಗುವವರು ದೋಣಿಯಲ್ಲಿ ದಾಟಬೇಕು. ಚೌತಿಯ ಮರುದಿನವೂ ಅಪ್ಪ ಹೇಳಿದನೆಂದು ಅವಳನ್ನು ಕಳಿಸಿಬರಲು ದಡದವರೆಗೆ ಹೋದೆ. ದೋಣಿ ದಡ ಬಿಟ್ಟ ಮೇಲೆ ಅವಳು ಪೊಟ್ಟಣ ಬಿಚ್ಚಿದಳು. ಒಂದು ಕಾರ್ಡು ತೆಗೆದು, ಅಂಚು ಹಿಡಿದು, ಬಿಸಿಲಿಗೆ ಎತ್ತಿ ನೋಡಿದಳು, ಒಳಗಿನ ಹಡಗು ಕಾಣುತ್ತದೋ ಎಂದು. ಆಮೇಲೆ ಹೆಬ್ಬೆರಳಿನಿಂದ ಕರಿ ಎಣ್ಣೆಯನ್ನು ಉಜ್ಜತೊಡಗಿದಳು. ಕೂಗಿದರೆ ಕೇಳುವಷ್ಟು ಹತ್ತಿರವೇ ಇತ್ತು ದೋಣಿ. ಗುಳ್ಳೆ ಏಳುತ್ತದೆ, ಮುಟ್ಟಬೇಡ ಎಂದು ನಾನು ಕೂಗಲಿಲ್ಲ. ಗುಳ್ಳೆ ಮಾಯ್ದು ಕಲೆ ಉಳಿದಿದ್ದ ನನ್ನ ಬೆರಳುಗಳನ್ನು ಹಿಂದೆ ಕಟ್ಟಿಕೊಂಡು, ಅವಳು ಉಜ್ಜುತ್ತಲೇ ಆಚೆ ದಡ ಸೇರುವವರೆಗೆ ನೋಡುತ್ತ ನಿಂತೆ. ಮತ್ತೆ ಅವಳನ್ನು ನೋಡಲಿಲ್ಲ.