ಶಲವಡಿಗೆ ಬಂದ ಕಡಲಕಲ್ಲು

ಶಲವಡಿಯ ಸಾವಿತ್ರೆವ್ವನಿಗೆ ಗಂಡನ ಮುಖವನ್ನು ಕೊನೆಯ ಸಲ ನೋಡಲಾಗಲಿಲ್ಲ. ಹೊಳೆಪ್ಪ ಕಾರವಾರದಲ್ಲಿ ಕಡಲಜೀವಿಗಳ ಪ್ರಯೋಗಾಲಯವೊಂದರಲ್ಲಿ ಆಳಾಗಿದ್ದ. ಅಲ್ಲಿನ ಗಾಜಿನ ತೊಟ್ಟಿಗಳಿಗೆ ಬೇಕಾದ ಕಲ್ಲುಗಳನ್ನು ನೀರಿನಡಿಯಿಂದ ತರುವುದು ಅವನ ಕೆಲಸ. ಎಪ್ಪತ್ಮೂರರ ಚಳಿಗಾಲದಲ್ಲಿ ಹಾಗೆ ಮುಳುಗಿದವನು ಮೇಲೆ ಬರಲಿಲ್ಲ. ಹೆಣವೂ ಸಿಗಲಿಲ್ಲ.

ಕೆಲವು ವಾರಗಳ ಮೇಲೆ ಅವನ ಜೊತೆಗಾರ ಬಾಷಾಸಾಬ ಒಂದು ಗಾಜಿನ ತೊಟ್ಟಿ, ಡಬ್ಬಿಗಳಲ್ಲಿ ಸಮುದ್ರದ ನೀರು, ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲು ಹೊತ್ತು ಬಂದ. ಮೈಯೆಲ್ಲ ತೂತಾಗಿ, ನೇರಳೆ ಬಣ್ಣ ಹಿಡಿದ ಕಲ್ಲು.

“ಅವ ಕಡೀಕ ಮ್ಯಾಲ ತಂದಿದ್ದು ಇದನ್ನರಿ ಅಕ್ಕಾರ. ಅಲ್ಲೇ ಬಿಡಾಕ ಮನಸ್ಸಾಗಲಿಲ್ಲ. ಇದು ಜೀವಂತ ಕಲ್ಲು. ಒಳಗಿನ ಸಣ್ಣ ಸಣ್ಣ ಜೀವಗೋಳು ಹೊಲಸು ತಿಂದು ನೀರು ಹಸನ ಇಡ್ತಾವು. ನೀರು ಇಂಗಿದ್ರ ಕೆರಿ ಸಿಹಿನೀರು ಹಾಕ್ರಿ, ಉಪ್ಪು ಹಾಕಬ್ಯಾಡ್ರಿ. ಉಪ್ಪು ಒಳಗ ಉಳದಿರತೈತಿ.”

ಮನೆಯಲ್ಲಿ ಕರೆಂಟಿರಲಿಲ್ಲ. ಸಾವಿತ್ರೆವ್ವ ತೊಟ್ಟಿಯ ನೀರನ್ನೇ ತಂಬಿಗೆಯಿಂದ ಎತ್ತಿ ಎತ್ತಿ ಸುರಿದು ಗಾಳಿಯಾಡಿಸಿದಳು. ತೂತುಗಳಿಂದ ಹುಳುವೊಂದು ಇಣುಕಿತು. ಹೂವಿನಂಥದೊಂದು ಅರಳಿ, ನೆರಳು ಬಿದ್ದೊಡನೆ ಮುದುಡಿತು. ಒಂದು ಮಧ್ಯಾಹ್ನ ಕಲ್ಲಿನೊಳಗಿಂದ ಟಕ್ ಎಂದು ಸದ್ದಾಯಿತು. ಕಟ್ಟೆಯ ಮೇಲೆ ಕೂತು ಹೊಳೆಪ್ಪ ಬೆರಳಿನ ನೆಟಿಗೆ ಮುರಿಯುತ್ತಿದ್ದಂಥದೇ ಸದ್ದು.

ಅಡಿಗೆಮನೆಯಿಂದ ಅತ್ತೆ ಮಹಾದೇವಕ್ಕ ಕೇಳಿದಳು: “ಹೊಳ್ಯಾ, ಬಂದ್ಯಾ?”

ಹತ್ತಿರದ ಯಮನೂರಿನ ದರ್ಗಾಕ್ಕೆ ಬಂದಾಗ ಬಾಷಾಸಾಬ ಕಡಲಿನ ಹೊಸ ನೀರು ತಂದುಕೊಟ್ಟ. “ಸಿಗಡಿ ಇರಬೇಕ್ರಿ. ಒಂದು ಜಾತಿದು ಕೊಂಡಿ ಬಡದು ಸಪ್ಪಳ ಮಾಡತೈತಿ,” ಎಂದ. ಸಾವಿತ್ರೆವ್ವ ನಂಬಿದಳು. ಆದರೂ ಸದ್ದಾದಾಗೆಲ್ಲ ರೊಟ್ಟಿ ಬಡಿಯುವ ಅವಳ ಕೈ ನಿಲ್ಲುತ್ತಿತ್ತು. ಅತ್ತೆಯಂತೂ ತೊಟ್ಟಿಯ ಬಾಜು ಕೂತು ಬೆಳೆ, ಎಮ್ಮೆ, ಓಣಿಯ ಸುದ್ದಿ ಹೇಳಿ, ಉತ್ತರಕ್ಕೆ ಕಾಯುತ್ತಿದ್ದಳು. ಒಮ್ಮೊಮ್ಮೆ ಉತ್ತರ ಬರುತ್ತಿತ್ತು.

ವರ್ಷ ತುಂಬಿದಾಗ ಹೊಳೆಪ್ಪನ ಅಣ್ಣ ಮಡಿವಾಳೆಪ್ಪ, “ತಮ್ಮಂದೊಂದು ಸಮಾಧಿ ಆಗೂತನಕ ಅವ್ವಗ ಸಮಾಧಾನ ಇಲ್ಲ. ಈ ಕಲ್ಲನ್ನರ ಮಣ್ಣು ಮಾಡೂಣು,” ಎಂದ. ಹೊಲದಲ್ಲಿ ಹಿರಿಯರ ಸಮಾಧಿಗಳ ಪಕ್ಕ ಕುಣಿ ತೋಡಿಸಿದ. ಕಲ್ಲನ್ನು ನೀರಿನಿಂದೆತ್ತಿ ಬುಟ್ಟಿಯಲ್ಲಿಟ್ಟು ವಿಭೂತಿ ಹಚ್ಚಹೋದಾಗ ಅದು ಟಕ್ ಎಂದಿತು. ಅವನ ಕೈ ಅಲ್ಲೇ ನಿಂತಿತು.

“ಜೀವ ಇದ್ದದ್ದನ್ನ ಹೂಳಬ್ಯಾಡ್ರಿ ಭಾವಾರ,” ಎಂದು ಸಾವಿತ್ರೆವ್ವ ಕಲ್ಲನ್ನೆತ್ತಿ ಮತ್ತೆ ನೀರಿಗಿಟ್ಟಳು. ತೋಡಿದ ಕುಣಿ ಹಾಗೇ ಉಳಿಯಿತು.

ಮರುದಿನ ಅತ್ತೆ ಸೊಸೆ ಇಬ್ಬರೂ ಕಲ್ಲನ್ನು ಕಡಲಿಗೇ ಬಿಟ್ಟು ಬರಲೆಂದು ಉಪ್ಪುನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಕಾರವಾರದಲ್ಲಿ ಬಾಷಾಸಾಬ ಎದೆಮಟ್ಟದ ನೀರಿಗಿಳಿದು ಅದನ್ನು ಮೆಲ್ಲಗೆ ಕೆಳಗೆ ಬಿಟ್ಟ. ಮಹಾದೇವಕ್ಕ ಮರಳಿನ ಮೇಲೆ ಕೂತೇ ಇದ್ದಳು.

“ಏಳ್ರಿ ಅತ್ತಿ, ಬಸ್ಸಿನ ಹೊತ್ತಾತು.”

“ಮಗ ಇಲ್ಲೇ ಅದಾನ. ನೀ ಹೋಗು.”

ಬಿಟ್ಟು ಹೋಗಲು ಸಾವಿತ್ರೆವ್ವನಿಂದಾಗಲಿಲ್ಲ. ಬಾಷಾಸಾಬ ಪ್ರಯೋಗಾಲಯದ ಸಾಹೇಬರಿಗೆ ಹೇಳಿ ಅವಳಿಗೆ ತೊಟ್ಟಿ ತೊಳೆಯುವ ಕೆಲಸ ಕೊಡಿಸಿದ. ಮುದುಕಿ ಕೆಲವು ಮಳೆಗಾಲ ಬದುಕಿದಳು, ದಿನವೂ ಸಂಜೆ ದಂಡೆಗೆ ಹೋಗಿ ಕೂತು ಮಾತಾಡಿದಳು. ಅವಳನ್ನು ಆ ಊರಲ್ಲೇ ಮಣ್ಣು ಮಾಡಿದರು.

ಆಮೇಲೂ ಸಾವಿತ್ರೆವ್ವ ಶಲವಡಿಗೆ ಮರಳಲಿಲ್ಲ. ಆದರೆ ಕೆಲಸಕ್ಕೆ ಹೋಗುವಾಗ ದಂಡೆಯ ಹಾದಿ ಬಿಟ್ಟು ಪೇಟೆ ಸುತ್ತಿ ಹೋಗುವಳು. ಯಾಕೆಂದು ಬಾಷಾಸಾಬ ಕೇಳಿದಾಗ, “ಅತ್ತಿ ಕರದಂಗಾಗತೈತ್ರಿ,” ಎಂದು ಹೆಜ್ಜೆ ಹಾಕಿದಳು.