ಸತ್ತ ಕುರಿಯ ಹೊಟ್ಟೆಯ ಎಲೆ

ಅಲ್ಲ, ಆ ಕುರಿ ಕಾಯುವ ಹೆಂಗಸು ಅದನ್ನು ಸೆರಗಿನಲ್ಲಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ತಂದಿರಬೇಕು. ಸೆರಗನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಒಳಗಿದ್ದದ್ದು ಸತ್ತ ಕುರಿಯ ಹೊಟ್ಟೆಯಿಂದ ತೆಗೆದ, ತಿಂದರೆ ವಿಷವಾಗುವ ಕಣಗಿಲೆ ಎಲೆ. ಅದರಲ್ಲಿ ಅನುಮಾನವಿಲ್ಲ.

ಶಿರಾ ಕಡೆಯ ತಾವರೆಕೆರೆ ಹತ್ತಿರದ ನರ್ಸರಿಯಲ್ಲಿ ನಾವು ಕಣಗಿಲೆಯ ಹೊಸ ತಳಿ ಬೆಳೆಸುತ್ತಿದ್ದೆವು. ಎಳೆಯ ಸಸಿಗಳ ಎಲೆಯನ್ನು ಡಿಎನ್ಎ ಪರೀಕ್ಷೆಗೆ ಕಳಿಸಿ, ಬೇಕಾದ ಗುರುತು ಕಾಣದವನ್ನು ಹೂ ಬಿಡುವ ಮೊದಲೇ ಕಿತ್ತು ಬೇಲಿಯಾಚೆ ಹಾಕುತ್ತಿದ್ದೆವು. ಪಕ್ಕದ ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಇದ್ದದ್ದೂ ಕಣಗಿಲೆಯೇ. ಅದನ್ನೂ ಹೆದ್ದಾರಿಯವರು ಆಗತಾನೇ ಸವರಿ ಬಿಸಾಡಿದ್ದರು. ಎಲೆ ನಮ್ಮದೆಂದು ತಿಳಿದರೆ ಮಾತ್ರ ಪರಿಹಾರ ಎಂದರು ನರ್ಸರಿಯ ಮಾಲೀಕರು.

“ಎಲೆ ನೋಡಿ ಯಾವ ಗಿಡದ ಮಗು ಅಂತ ಹೇಳ್ತೀರಂತಲ್ಲ, ಇದು ಯಾವ್ದು ಹೇಳಿ ಸಾಮಿ. ಅರ್ಧ ಮಂದೆ ಹೋಗ್ಬುಡ್ತು,” ಎಂದಳು ಆಕೆ.

ನಮ್ಮ ಎಲೆಗಳ ಜೊತೆ ಅದನ್ನೂ ಕಳಿಸಿದೆ. ತೀರಾ ಕೊಳೆತಿದೆ, ಏನೂ ಸಿಗಲಿಲ್ಲ ಎಂದು ಲ್ಯಾಬಿನಿಂದ ಉತ್ತರ ಬಂತು.

“ನಿಮ್ಮ ಗಿಡಕ್ಕಾದ್ರೆ ಎಲ್ಲಾ ಗೊತ್ತಾಯ್ತದೆ, ನನ್ನ ಕುರಿ ಅಂದ್ರೆ ಕೊಳ್ತೋಯ್ತದಾ?”

ಉಳಿದ ಕುರಿಗಳನ್ನು ಆಕೆ ಶಿರಾ ಸಂತೆಯಲ್ಲಿ ಮಾರಿದಳು. ಸತ್ತವು ತಿಂದದ್ದು ನಾವು ಕಿತ್ತ ಸಸಿಯನ್ನೋ ಹೆದ್ದಾರಿಯ ಗಿಡವನ್ನೋ, ನನಗೆ ಇಂದಿಗೂ ಗೊತ್ತಿಲ್ಲ.