ಬಾಯಲ್ಲೇ ಸಿಹಿಯಾಗುವ ಗಂಜಿ

ಬೆಳಗಿನ ಐದು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಅಡುಗೆಮನೆಯಲ್ಲಿ ಗಂಜಿಯಮ್ಮ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ. ಬಾಯಲ್ಲಿ ಒಂದು ಚಮಚ ಗಂಜಿ. ನುಂಗುವುದಿಲ್ಲ, ಉಗುಳುವುದೂ ಇಲ್ಲ. ನಾಲಿಗೆಯ ಮೇಲೆ ಮೆಲ್ಲಗೆ ಹೊರಳಿಸುತ್ತ ಮನಸ್ಸಿನಲ್ಲೇ ಎಣಿಸುತ್ತಿದ್ದಾರೆ.

"ಏನಮ್ಮಾ, ಜಪ ಮುಗೀತಾ? ದೇವರು ಇವತ್ತು ಎಷ್ಟಕ್ಕೆ ಬಂದ?" ತರಕಾರಿ ಹೆಚ್ಚುವವಳು ಮೂಲೆಯಿಂದ ಕೆಣಕುತ್ತಾಳೆ.

ಗಂಜಿಯಮ್ಮ ಸುಮ್ಮನಿರು ಎಂದು ಕೈ ಎತ್ತುತ್ತಾರೆ. ಎಣಿಕೆ ನಲವತ್ತಕ್ಕೆ ಬಂದಾಗ ಮುಖ ಅರಳುತ್ತದೆ. "ಬಂದ ಕಣೇ. ಸಿಹಿ ಬಂತು."

ಸಕ್ಕರೆಯ ಹರಳೂ ಸೋಕದ ಬರೀ ಅಕ್ಕಿಯ ಗಂಜಿ ಅದು. ಬಾಯಲ್ಲಿ ತುಸು ಹೊತ್ತು ನಿಂತರೆ ಜೊಲ್ಲು ಅದರ ಪಿಷ್ಟವನ್ನು ಒಡೆದು ಸಿಹಿ ಮಾಡುತ್ತದೆ. ಅಕ್ಕಿ ಬೆಂದು ಕರಗಿದ್ದರೆ ಸಿಹಿ ಬೇಗ ಬರುತ್ತದೆ, ಇಲ್ಲದಿದ್ದರೆ ತಡ. ಕೈಗೆ ಸಿಗದ ಹದವನ್ನು ಅವರು ನಾಲಿಗೆಗೆ ಒಪ್ಪಿಸಿ ಮೂವತ್ತೊಂದು ವರ್ಷವಾಯಿತು.

ಪಾತ್ರೆ ತೊಳೆಯಲು ಬಂದವರು ಅವರು. ಗಂಡ ತೀರಿಕೊಂಡ ವರ್ಷ, ಸೊಂಟದಲ್ಲಿ ಮಗಳು. ರೋಗಿಗಳ ಊಟ ಗೊತ್ತುಮಾಡುತ್ತಿದ್ದ ಆಗಿನ ಪಥ್ಯದ ಮೇಡಂ ಒಂದು ಮಧ್ಯಾಹ್ನ ಒದ್ದೆ ಬೆರಳಿನಿಂದ ಅಡುಗೆ ಕಟ್ಟೆಯ ಮೇಲೆ ಬಾಯಿ, ಜಠರ, ಕರುಳು ಬರೆದು ತೋರಿಸಿದರಂತೆ. "ನೀರಿನ ಗೆರೆ ಆಗಲೇ ಆರಿಹೋಯ್ತು. ನನ್ನ ತಲೇಲಿ ಮಾತ್ರ ಇವತ್ತಿಗೂ ಆರಿಲ್ಲ" ಎಂದು ಗಂಜಿಯಮ್ಮ ನಗುತ್ತಾರೆ.

ಆ ಪಾಠ ಈಗ ಅವರ ಬಾಯಲ್ಲಿ ಕಥೆಯಾಗಿದೆ. "ಅನ್ನದ ಕೆಲಸ ಬಾಯಲ್ಲೇ ಶುರು. ಬೇಳೆ, ಮೊಟ್ಟೆ ಇದಾವಲ್ಲ, ಮೈ ಕಟ್ಟೋವು, ಅವಕ್ಕೆ ಜಠರದ ಹುಳಿ ಬೇಕು. ಎಣ್ಣೆ ದೊಡ್ಡ ಮನುಷ್ಯ, ಪಿತ್ತ ಬಂದು ಕರೆಯೋ ತನಕ ಕರಗಲ್ಲ. ಎಲ್ಲಾ ನುಣ್ಣಗಾಗಿ ಸಣ್ಣಕರುಳಿಗೆ ಹೋದ್ರೆ ಅಲ್ಲಿಂದ ರಕ್ತಕ್ಕೆ. ಉಳಿದ ನೀರನ್ನ ದೊಡ್ಡಕರುಳು ಹೀರ್ಕೊಳ್ಳುತ್ತೆ. ನಾವು ಮಲಗಿದ್ರೂ ಒಳಗೆ ಅಷ್ಟು ಜನ ದುಡೀತಾರಪ್ಪ. ಒಂದು ದಿನ ರಜೆ ಕೇಳಿದಾರಾ? ಕೈ ಮುಗೀಬೇಕು."

ದಿನಕ್ಕೆ ಅರವತ್ತೆರಡು ಮೆತ್ತನೆಯ ಊಟ, ಮೂಗಿನ ನಳಿಕೆಯಲ್ಲಿ ಹೋಗುವ ಹದಿನಾಲ್ಕು ಫ್ಲಾಸ್ಕ್. ಫ್ಲಾಸ್ಕಿನದನ್ನು ಬಟ್ಟೆಯಲ್ಲಿ ಮೂರು ಸಲ ಸೋಸಬೇಕು, ಬೇಳೆಯ ಒಂದು ಸಿಪ್ಪೆ ಸಿಕ್ಕಿದರೂ ನಳಿಕೆ ಕಟ್ಟುತ್ತದೆ. ಹಬೆಗೆ ಬೆರಳ ತುದಿಗಳು ಬೆಳ್ಳಗಾಗಿವೆ. ಮಂಡಿ ನೋವು ಬೇರೆ. ಕೇಳಿದರೆ, "ಅದು ನನ್ನ ಜೊತೇನೇ ಕೆಲಸಕ್ಕೆ ಬರುತ್ತೆ, ಬಿಡಿ" ಎನ್ನುತ್ತಾರೆ.

ಇಂದು ಅವರ ಎದೆಯಲ್ಲಿ ಒಂದು ಭಾರವಿದೆ. ಎರಡನೇ ಮಹಡಿಯ ಬಸ್ ಡ್ರೈವರ್‌ಗೆ ಹೊಟ್ಟೆಯ ಹುಣ್ಣು ಒಡೆದು ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತೆರಡು ದಿನ. ಅಂದಿನಿಂದ ನಳಿಕೆಯೇ ಬಾಯಿ. ಮೂರು ದಿನದ ಹಿಂದೆ ಮೊದಲ ಸಲ ಗಂಜಿ ಕುಡಿಸಿದಾಗ ಅಷ್ಟೂ ವಾಂತಿಯಾಯಿತು. ಇಂದೂ ಗಂಜಿ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಮತ್ತೆ ಹೊಟ್ಟೆ ತೆರೆದು ನೋಡಬೇಕಾದೀತು ಎಂದು ಡಾಕ್ಟರು ಹೇಳಿದ್ದಾರೆ.

ಅಂದು ತಪ್ಪಿದ್ದು ಎಲ್ಲಿ ಎಂಬುದು ಗಂಜಿಯಮ್ಮನಿಗೆ ಮಾತ್ರ ಗೊತ್ತಿತ್ತು. ಡ್ರೈವರ್ ಮೂಳೆ ಚಕ್ಕಳವಾಗಿದ್ದನ್ನು ನೋಡಿ ಅವರ ಕರುಳು ಚುರ್ರೆಂದಿತ್ತು. ಪಥ್ಯದ ಚೀಟಿಯಲ್ಲಿ ಇಲ್ಲದ ಎರಡು ಚಮಚ ಬೆಣ್ಣೆಯನ್ನು, ಶಕ್ತಿ ಬರಲಿ ಎಂದು, ಗಂಜಿಗೆ ಸೇರಿಸಿಬಿಟ್ಟಿದ್ದರು. ಹೊಲಿಗೆ ಹಸಿಯಾಗಿರುವ ಜಠರ ಕೊಬ್ಬನ್ನು ಮುಂದೆ ತಳ್ಳಲಾರದೆ ಹೊರಗೆ ಹಾಕಿತು.

"ನನ್ನ ಅಂತಃಕರಣ ಅವರ ಹೊಟ್ಟೆಗೆ ಭಾರ ಆಯ್ತು. ಯಾರೂ ಕೇಳಿರ್ಲಿಲ್ಲ. ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. ಡ್ರೈವರಣ್ಣನ ಹೆಂಡತಿಗೂ ಹೇಳಿದೆ. ಪುಣ್ಯಾತ್ಗಿತ್ತಿ ಬೈಯ್ಲಿಲ್ಲ. 'ನಾನಿದ್ರೂ ಹಾಕ್ತಿದ್ದೆ ಅಕ್ಕಾ' ಅಂದ್ಲು. ಬೈದಿದ್ರೆ ವಾಸಿಯಿತ್ತು." ಹೇಳುತ್ತ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ.

ಏಳು ಗಂಟೆಗೆ ಅವರೇ ಬಟ್ಟಲು ಹಿಡಿದು ಮೆಟ್ಟಿಲು ಹತ್ತುತ್ತಾರೆ. ಡ್ರೈವರ್ ದಿಂಬಿಗೆ ಒರಗಿ ಕೂತಿದ್ದಾರೆ. ಹೆಂಡತಿ ಚಮಚ ಎತ್ತುತ್ತಾಳೆ.

"ತಕ್ಷಣ ನುಂಗ್ಬೇಡಿ ಅಣ್ಣಾ," ಗಂಜಿಯಮ್ಮ ಬಾಗಿಲಲ್ಲೇ ನಿಂತು ಹೇಳುತ್ತಾರೆ. "ಬಾಯಲ್ಲಿಟ್ಕೊಂಡು ನಲವತ್ತು ಎಣಿಸಿ."

"ಸಿಗ್ನಲ್ಲಲ್ಲೂ ನಾನು ಅಷ್ಟು ಹೊತ್ತು ನಿಂತವನಲ್ಲ."

"ಅದಕ್ಕೇ ಹೊಟ್ಟೆ ಹುಣ್ಣಾಗಿದ್ದು. ಎಣಿಸ್ರೀ," ಹೆಂಡತಿ ಗದರುತ್ತಾಳೆ.

ಆರು ಚಮಚ. ಆಮೇಲೆ ಕಾಯುವುದು. ಗಂಜಿಯಮ್ಮನ ತುಟಿಗಳು ಅಲುಗುತ್ತಿವೆ, ಈ ಸಲ ಅದು ಎಣಿಕೆಯಲ್ಲ. ಕಾಲು ಗಂಟೆ, ಅರ್ಧ ಗಂಟೆ, ಒಂದು ಗಂಟೆ. ಕೆಳಗೆ ಒಲೆ ಕಾಯುತ್ತಿದೆ, ಕಾಲು ಕದಲುವುದಿಲ್ಲ. ನರ್ಸ್ ಹೊಟ್ಟೆ ಮುಟ್ಟಿ ನೋಡಿ, ಡಾಕ್ಟರನ್ನು ಕರೆಯುತ್ತಾರೆ. ಡಾಕ್ಟರು ಬಂದು ಪರೀಕ್ಷಿಸಿ, ತಲೆಯಾಡಿಸುತ್ತಾರೆ. "ಗಂಜಿ ಹೊಟ್ಟೇಲಿ ನಿಂತಿದೆ. ಹೀಗೇ ನಡೆದ್ರೆ ನಾಳೆ ನಳಿಕೆ ತೆಗೀಬಹುದು."

ಹೆಂಡತಿ ಗೋಡೆಗೆ ಮುಖ ಮಾಡಿ ಅಳುತ್ತಾಳೆ. ಡ್ರೈವರ್ ಮಾತ್ರ ತುಟಿ ಸವರುತ್ತ ಬಾಗಿಲ ಕಡೆ ನೋಡುತ್ತಾರೆ. "ಅಮ್ಮಾ, ನಿಜ ಹೇಳಿ. ಯಾರಿಗೂ ಗೊತ್ತಾಗ್ದಂಗೆ ಸಕ್ಕರೆ ಹಾಕಿದೀರಿ ತಾನೇ?"

"ಇನ್ನೊಂದು ಸಲ ಚೀಟಿ ಮೀರ್ತೀನಾ? ಆ ಸಿಹಿ ನಿಮ್ಮ ಬಾಯಿದೇ ಅಣ್ಣಾ. ಅಲ್ಲೇ ಇತ್ತು, ಇಷ್ಟು ದಿನ ಕೆಲಸ ಇರ್ಲಿಲ್ಲ ಅಷ್ಟೇ."

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಒಂದು ಕ್ಷಣ ನಿಲ್ಲುತ್ತಾರೆ. ಮುಂದಿನ ವರ್ಷ ನಿವೃತ್ತಿ. ಆಸೆ ಏನಾದರೂ ಉಳಿದಿದೆಯೇ ಎಂದರೆ ಮತ್ತೆ ಮೆಟ್ಟಿಲು ಇಳಿಯುತ್ತಲೇ ಹೇಳುತ್ತಾರೆ.

"ನನ್ನ ಗಂಜಿ ಕುಡಿದೋರು ಯಾರೂ ಅದನ್ನ ನೆನಪಿಟ್ಕೋಬಾರ್ದು. ಈ ಅಣ್ಣನೂ ಅಷ್ಟೇ. ಮನೆಗೆ ಹೋಗಿ, ಸಾರಿಗೆ ಉಪ್ಪು ಕಮ್ಮಿ ಅಂತ ಹೆಂಡ್ತಿ ಹತ್ರ ಜಗಳ ಆಡ್ಲಿ. ನನಗೆ ಅಷ್ಟೇ ಸಾಕು."